ದಿನದ ಧಮ್ಮ ಚಿಂತನೆ: ಬೆಳಿಗ್ಗೆ ನಮಗೆ ನಾವೇ ಹೇಳಿಕೊಳ್ಳುವ ಮಾತು





ಇವತ್ತು ನನ್ನದೇ ಒಂದು ಸೋಲಿನಿಂದ ಶುರು ಮಾಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಆಗಬೇಕಿತ್ತು. ಜಮೀನು ತಿ. ನರಸೀಪುರ ತಾಲ್ಲೂಕಿನಲ್ಲಿ, ನಾನಿರುವುದು ನಂಜನಗೂಡಿನಲ್ಲಿ. ಕಚೇರಿ ಬಾಗಿಲಿಗೆ ಹೋದರೆ ಸಾಕು, ನಾಲಿಗೆ ಒಣಗುತ್ತಿತ್ತು. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನು ಧೈರ್ಯವಂತ, ನನಗೆ ಸೋಲೇ ಇಲ್ಲ’ ಎಂದು ಹೇಳಿಕೊಳ್ಳತೊಡಗಿದೆ. ಮೂರು ವಾರ ಬಿಡದೆ ಹೇಳಿದೆ. ಆಮೇಲೆ ಕಚೇರಿಗೆ ಹೋದೆ. ಮೇಜಿನಾಚೆ ಕೂತವರು ತಲೆ ಎತ್ತಿ ‘ಏನ್ರೀ?’ ಎಂದರು, ಅಷ್ಟೆ. ನನ್ನ ಬಾಯಿಂದ ಬಂದದ್ದು: ‘ಏನಿಲ್ಲ ಬುದ್ಧೀ, ಆಮೇಲೆ ಬತ್ತೀನಿ.’

ನಮ್ಮ ಸೀಮೆಯವರಿಗೆ ಆ ‘ಬುದ್ಧೀ’ ಗೊತ್ತು. ಅಪ್ಪ ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಊರ ದೊಡ್ಡವರ ಜಗುಲಿಯಿಂದ ದೂರ ನಿಂತು ಕರೆಯುತ್ತಿದ್ದ ಮಾತು ಅದು. ನಾನು ಅದನ್ನು ಯಾವತ್ತೂ ಆಡಿದವನಲ್ಲ. ಕೇಳಿ ಬೆಳೆದಿದ್ದೆ, ಅಷ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ತಲೆ ಎತ್ತಲಾಗಲಿಲ್ಲ.

ಭಾನುವಾರ ಬಳಗದಲ್ಲಿ ಇದನ್ನು ಹೇಳಿದೆ. ಹಿರಿಯರೊಬ್ಬರು ನಗಲಿಲ್ಲ. ‘ತಮ್ಮಾ, ನೀನು ಮೂರು ವಾರ ಹೇಳಿಕೊಂಡೆ. ಆ ಮಾತನ್ನು ನಮ್ಮವರ ಕೈಲಿ ತಲೆಮಾರುಗಟ್ಟಲೆ ಹೇಳಿಸಿದ್ದಾರೆ. ಯಾವುದು ಗಟ್ಟಿ?’ ಎಂದರು.

ಯೋಚಿಸಿ ನೋಡಿ. ಬುದ್ಧಿ, ಬುದ್ಧ, ಬೋಧಿ ಮೂರೂ ಒಂದೇ ಬೇರಿನ ಮಾತುಗಳು. ಅರಿವು ಎಂದೇ ಅರ್ಥ. ಎದುರಿನವರನ್ನು ‘ಬುದ್ಧಿ’ ಎಂದು ಕರೆಯುವಾಗಲೆಲ್ಲ, ಅರಿವು ಅಲ್ಲಿದೆ, ನನ್ನಲ್ಲಿಲ್ಲ ಎಂದು ನಮ್ಮ ಬಾಯಿಂದಲೇ ಹೇಳಿಸಿದಂತಾಯಿತು.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ‘ನೀವು ಸಮಾನರು’ ಎಂದು ತಾವು ಹೇಳಿ ಸುಮ್ಮನಾಗಲಿಲ್ಲ. ‘ನಾನು’ ಎಂದು ಪ್ರತಿಯೊಬ್ಬರ ಬಾಯಿಂದಲೇ ಹೇಳಿಸಿದರು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಒಂಬತ್ತನೆಯ ಪ್ರತಿಜ್ಞೆ. ನಂಬಿದರೆ ಮುಗಿಯಲಿಲ್ಲ, ಸಮಾನತೆ ತರಲು ಶ್ರಮಿಸುವುದು ಹತ್ತನೆಯದು. ನಂಬಿಕೆಯ ಬೆನ್ನಿಗೇ ಕೆಲಸ. ನನ್ನ ಕನ್ನಡಿ ಮಾತಿನಲ್ಲಿ ಇಲ್ಲದೇ ಹೋದದ್ದು ಇದೇ. ಪಂಚಶೀಲದಲ್ಲೂ ನಾವು ‘ಸಮಾದಿಯಾಮಿ’ ಎನ್ನುತ್ತೇವೆ. ನಾನು ಕೈಗೊಳ್ಳುತ್ತೇನೆ ಎಂದರ್ಥ. ನಾನು ದೊಡ್ಡವನು ಎಂದಲ್ಲ.

ಕನ್ನಡಿಯ ಮಾತನ್ನು ಬುದ್ಧ ಗುರುಗಳೂ ಆಡಿದ್ದಾರೆ. ರಾಹುಲನನ್ನು ಕನ್ನಡಿ ಯಾತಕ್ಕೆ ಎಂದು ಕೇಳಿದರು. ನೋಡಿಕೊಳ್ಳುವುದಕ್ಕೆ ಎಂದ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನಿನ್ನ ಕೆಲಸ, ಮಾತು, ಮನಸ್ಸುಗಳನ್ನು ನೋಡಿಕೋ ಎಂದು ತಿಳಿಸಿದರು. ಮುಖ ಹೊಗಳಿಕೊಳ್ಳಲು ಅಲ್ಲ, ನಡೆ ನೋಡಿಕೊಳ್ಳಲು ಕನ್ನಡಿ.

‘ಅನತ್ತ’ ಎನ್ನುವ ಧಮ್ಮದಲ್ಲಿ ‘ನಾನು’ ಎನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಬದಲಾಗದ ‘ನಾನು’ ಇಲ್ಲ ಎಂಬುದೇ ನಮಗೆ ಧೈರ್ಯ. ನಂಜನಗೂಡಿನಲ್ಲಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯಾಗುತ್ತದೆ. ಹಾಗೆಯೇ, ಹೆದರುವ ನಾನೂ ಶಾಶ್ವತನಲ್ಲ.

ಆಮೇಲೆ ನಾನು ಮಾತು ಬದಲಿಸಿದೆ. ಬೆಳಿಗ್ಗೆ ತ್ರಿಸರಣ, ಪಂಚಶೀಲ ಆದ ಮೇಲೆ ಹೀಗೆ ಹೇಳಿಕೊಂಡೆ: ‘ಇವತ್ತು ನಾನು ಅವರ ಮುಖ ನೋಡಿ, ಸಾರ್ ಎಂದು ಕರೆದು, ಅರ್ಜಿ ಕೊಟ್ಟು, ಸ್ವೀಕೃತಿ ಕೇಳುತ್ತೇನೆ.’ ಬಳಗದ ಇಬ್ಬರು ಜೊತೆಗೆ ಬಂದರು. ‘ಸಂಘಂ ಸರಣಂ’ ಎನ್ನುವುದರ ಅರ್ಥ ಅಂದು ತಿಳಿಯಿತು. ಧ್ವನಿ ನಡುಗಿತು, ಆದರೆ ಕೇಳಿದೆ. ಖಾತೆ ಇನ್ನೂ ಆಗಿಲ್ಲ. ಸ್ವೀಕೃತಿ ಪತ್ರ ಜೇಬಿನಲ್ಲಿದೆ. ನಾಳೆ ಮತ್ತೆ ಹೋಗುತ್ತೇನೆ.

ಇಂದಿನ ಅಭ್ಯಾಸ: ನೀವು ಹೆದರಿ ಮುಂದಕ್ಕೆ ಹಾಕುತ್ತಿರುವ ಒಂದು ಚಿಕ್ಕ ಕೆಲಸವನ್ನು ‘ಇವತ್ತು ನಾನು ಮಾಡುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ. ಮಕ್ಕಳ ಕೈಲೂ ಹೇಳಿಸಿ. ರಾತ್ರಿ ಮಲಗುವ ಮೊದಲು, ಮಾಡಿದೆನೇ ಎಂದು ನೋಡಿಕೊಳ್ಳಿ. ಆಗದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬೈಯುವವರು ಬೇಕಾದಷ್ಟು ಜನ ಇದ್ದರು.

ಭವತು ಸಬ್ಬ ಮಂಗಲಂ. ಜೈ ಭೀಮ್.