ಭೃತ್ಯನ ದೋಷವೂ ಯಜಮಾನನ ಹೊಣೆಯೂ

ಮಾಡಿದವನೇ ಉಣ್ಣಬೇಕೆಂಬುದು ನಾವೆಲ್ಲರೂ ಒಪ್ಪಿದ ಕರ್ಮಸಿದ್ಧಾಂತವು. ಹಾಗಿರುವಲ್ಲಿ, ಆಸ್ಪತ್ರೆಯ ದಾದಿಯೊಬ್ಬಳ ಅಲಕ್ಷ್ಯಕ್ಕಾಗಿ, ರೋಗಿಯ ಮಂಚದ ಬಳಿಗೂ ಬಾರದ ಆಡಳಿತದವರು ಹಣ ತೆರುವುದು ನ್ಯಾಯವೆ?

ಇಂಗ್ಲೆಂಡಿನ ನ್ಯಾಯಾಧೀಶರನ್ನೂ ಈ ಸಂದೇಹವು ಬಾಧಿಸಿತು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವ್ಯಾಜ್ಯದಲ್ಲಿ, 1909ರಲ್ಲಿ, ಅಲ್ಲಿಯ ಅಪೀಲು ನ್ಯಾಯಸ್ಥಾನವು, ಯೋಗ್ಯರನ್ನು ಆರಿಸಿ ನೇಮಿಸುವುದೇ ಆಡಳಿತದವರ ಕರ್ತವ್ಯವು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ವೈದ್ಯರೂ ದಾದಿಯರೂ ಮಾಡಿದುದಕ್ಕೆ ಅವರು ಹೊಣೆಗಾರರಲ್ಲವೆಂದಿತು. 1942ರ ಮತ್ತು 1951ರ ತೀರ್ಪುಗಳಿಂದ ಆ ಮತವು ಬಲಗುಂದಿತು.

ನಮ್ಮ ದೇಶದ ದೃಷ್ಟಾಂತವನ್ನು ನೋಡೋಣ. 1993ರ ಡಿಸೆಂಬರಿನಲ್ಲಿ, ಸ್ಪ್ರಿಂಗ್ ಮೆಡೋಸ್ ಎಂಬ ಆಸ್ಪತ್ರೆಯಲ್ಲಿ, ವಿಷಮಶೀತಜ್ವರಪೀಡಿತನಾದ ಬಾಲಕನಿಗೆ ದಾದಿಯು ಕೊಡಬಾರದ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದಳು. ಮೆದುಳು ಕೆಟ್ಟು ಬಾಲಕನು ಜೀವಚ್ಛವದಂತಾದನು. ದಾದಿಗೆ ತಕ್ಕ ಅರ್ಹತೆಯಿರಲಿಲ್ಲ; ತಾನೇ ಚುಚ್ಚಬೇಕಾಗಿದ್ದ ವೈದ್ಯನು ಆ ಕೆಲಸವನ್ನು ಅವಳಿಗೆ ಬಿಟ್ಟಿದ್ದನು. ಬಾಲಕನಿಗೆ 12.5 ಲಕ್ಷ, ತಾಯಿತಂದೆಗಳ ಮನೋವ್ಯಥೆಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

ಇಲ್ಲಿ ನೇಮಿಸಿದವರ ತಪ್ಪೂ ಉಂಟಷ್ಟೆ. ಆದರೆ ನೇಮಕದಲ್ಲಿ ಲೋಪವಿಲ್ಲದಿದ್ದರೆ? ಆಗಲೂ ಹೊಣೆಯು ತಪ್ಪದೆಂದೇ ನನ್ನ ಅಭಿಪ್ರಾಯ. ಯಾಗದಲ್ಲಿ ಆಹುತಿಯನ್ನಿಕ್ಕುವವರು ಋತ್ವಿಜರು. ಆದರೂ ಫಲವು ದಕ್ಷಿಣೆಯಿತ್ತು ಅವರನ್ನು ನಿಯೋಜಿಸಿದ ಯಜಮಾನನದೆಂದು ಮೀಮಾಂಸಕರು ಹೇಳುವರು. ದಾದಿಯ ಕೈಯಿಂದಾದ ಸೇವೆಗೆ ಶುಲ್ಕವೂ ಕೀರ್ತಿಯೂ ಆಸ್ಪತ್ರೆಗೆ ಸಲ್ಲುವುವು. ಫಲವು ನನ್ನದು, ದೋಷವು ಅವಳದು ಎಂದರೆ ಯಾರು ಒಪ್ಪುವರು? ಮೇಲಾಗಿ ರೋಗಿಯು ದಾದಿಯನ್ನು ಆರಿಸಿದವನಲ್ಲ. ಆಸ್ಪತ್ರೆಯನ್ನು ನಂಬಿ ಬಂದವನು.

ಇದರಿಂದ ದಾದಿಯು ನಿರ್ದೋಷಿಯಾದಳೆಂದು ಭಾವಿಸಬಾರದು. ಪಾಪವು ಬೇರೆ, ಋಣವು ಬೇರೆ. ಪಾಪವು ಮಾಡಿದವರನ್ನೇ ಹಿಂಬಾಲಿಸುವುದು; ಋಣವನ್ನಾದರೋ ಮನೆಯ ಯಜಮಾನನು ತೀರಿಸಬಹುದು, ತೀರಿಸಲೂ ಬೇಕು. ಕರ್ಮಸಿದ್ಧಾಂತಕ್ಕೆ ಇದರಿಂದ ಹಾನಿಯಿಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಸಹೋಪಾಧ್ಯಾಯರೊಬ್ಬರ ಅಲಕ್ಷ್ಯದಿಂದ ಹುಡುಗನೊಬ್ಬನು ಬಿದ್ದು ಕೈ ಮುರಿದುಕೊಂಡನು. ಅವನ ತಂದೆಯು ಬಂದು ಕೇಳಿದಾಗ, "ನಾನು ಆಗ ಅಲ್ಲಿರಲಿಲ್ಲ" ಎಂದೆನು. ಆತನು ಮರುಮಾತಾಡದೆ ಹೊರಟುಹೋದನು. ನಾನು ಆಡಿದುದು ಸತ್ಯವೇ ಆಗಿದ್ದಿತು, ಉತ್ತರವಾಗಿರಲಿಲ್ಲ. ಆತನು ತನ್ನ ಮಗನನ್ನು ಒಪ್ಪಿಸಿದ್ದುದು ಶಾಲೆಗೆ. ಶಾಲೆಯ ಪರವಾಗಿ ಮಾತನಾಡಬೇಕಾಗಿದ್ದವನು ನಾನು.