ಮೈತ್ರಿಯೊಂದೇ ಸಾಕೆ?



ಅತಿಸಾರದಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಕುವೊಬ್ಬನನ್ನು ಬುದ್ಧರು ಕಂಡರು. ನೀರು ಹೊಯ್ದವರು ಅವರು, ತೊಳೆದವನು ಆನಂದ. ವಿನಯ ಪಿಟಕದ ಮಹಾವಗ್ಗದ ಈ ಪ್ರಸಂಗವನ್ನು ಕರುಣೆಗೆ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಮುಂದಿನ ಭಾಗ ಓದುವುದು ಕಡಿಮೆ. ಅಲ್ಲಿ ಆರೈಕೆ ಮಾಡುವವರಿಗೆ 5 ಅರ್ಹತೆಗಳಿವೆ: ಔಷಧಿ ತಯಾರಿಸಲು ಬರಬೇಕು, ರೋಗಿಗೆ ಒಗ್ಗುವುದು, ಒಗ್ಗದ್ದು ತಿಳಿದಿರಬೇಕು, ಲಾಭದಾಸೆಗಲ್ಲದೆ ಮೈತ್ರಿಯಿಂದ ಮಾಡಬೇಕು, ಮಲ, ಮೂತ್ರ, ವಾಂತಿಗೆ ಹೇಸಬಾರದು, ಧಮ್ಮದ ಮಾತಾಡಿ ಮನಸ್ಸು ಅರಳಿಸಬೇಕು.

ಅವ್ವ ಹಾಸಿಗೆ ಹಿಡಿದಾಗ ನನ್ನಲ್ಲಿ ಮೈತ್ರಿಗೇನೂ ಕೊರತೆಯಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಮಾತ್ರ ಗೊತ್ತಿರಲಿಲ್ಲ. ಬೆನ್ನು ಹುಣ್ಣಾದ ಮೇಲೆ ನರ್ಸಮ್ಮ ಕಲಿಸಿದರು.

ನಮ್ಮ ಕೇರಿಯ ಹೆಣ್ಣುಮಕ್ಕಳು ಪಟ್ಟಣದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಹೋಗುತ್ತಾರೆ. ತರಬೇತಿ ಕೇಳಿದರೆ ಏಜೆನ್ಸಿಯವರು, "ನಿಮಗೆಲ್ಲ ಅಭ್ಯಾಸ ಇರುತ್ತಲ್ಲ" ಅಂತಾರೆ. ಯಾವ ಅಭ್ಯಾಸ? ಹೇಸದಿರುವುದನ್ನು ಬುದ್ಧರು ಅರ್ಹತೆಯಲ್ಲಿ ಎಣಿಸಿದರು. ಇವರು ಹುಟ್ಟಿಗೆ ಅಂಟಿಸುತ್ತಾರೆ. (ಲಾಭದಾಸೆ ಬೇಡವೆಂದದ್ದು ಭಿಕ್ಕುಗಳಿಗೆ; ಕೂಲಿ ಮುರಿಯಲು ಅದು ನೆಪವಲ್ಲ.)

ಈ ಭಾನುವಾರ ವಂದನೆಯಾದ ಮೇಲೆ ಆ ನರ್ಸಮ್ಮ ಬರುತ್ತಾರೆ. ಮಗ್ಗುಲು ಬದಲಿಸುವುದು, ನುಂಗಲು ಕಷ್ಟವಾದವರನ್ನು ಕೂರಿಸಿ ಗಂಜಿ ಕುಡಿಸುವುದು ತೋರಿಸುತ್ತಾರೆ. ಗಂಡುಮಕ್ಕಳೂ ಬನ್ನಿ.