ಪ್ರತಿಭೆಯೆಂಬ ಇಡುಗಂಟು

ಪ್ರತಿಯೊಬ್ಬ ಜೀವನಿಗೂ ಅವನದೇ ಆದ ಸ್ವರೂಪಯೋಗ್ಯತೆ ಉಂಟೆಂದು ಶ್ರೀಮದಾಚಾರ್ಯರ ಸಿದ್ಧಾಂತವು ಸಾರುತ್ತದೆ. ಆ ಯೋಗ್ಯತೆಯು ಅಭಿವ್ಯಕ್ತವಾಗುವುದು ಸಾಧನೆಯಿಂದ, ಸಾರ್ಥಕವಾಗುವುದು ಸದ್ವಿನಿಯೋಗದಿಂದ.

ಶ್ರೀ ಪುರಂದರದಾಸರ ಸಂಗೀತಜ್ಞಾನವು ಅವರ ಕಂಠದಲ್ಲಿಯೇ ಉಳಿದಿದ್ದರೆ 1564ರಲ್ಲಿ ಅವರೊಡನೆಯೇ ಅಸ್ತಂಗತವಾಗುತ್ತಿತ್ತು. ಅವರಾದರೋ ಎಳೆಯರೂ ಏರಬಲ್ಲ ಸೋಪಾನವನ್ನು ಕಟ್ಟಿದರು. ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆಗಳನ್ನು ಕ್ರಮಗೊಳಿಸಿದವರು ಅವರೇ ಎಂಬುದು ಸಂಪ್ರದಾಯ. ಇಂದಿಗೂ ಚೆನ್ನೈಯಲ್ಲಾಗಲಿ ಮುಂಬಯಿಯಲ್ಲಾಗಲಿ ಕರ್ನಾಟಕ ಸಂಗೀತ ಕಲಿಯುವ ಮಗುವು, ಅದರ ಮಾತೃಭಾಷೆ ಯಾವುದೇ ಇರಲಿ, ಅಲ್ಲಿಂದಲೇ ಆರಂಭಿಸುತ್ತದೆ. ಅವರಿಗೆ ದಾಸದೀಕ್ಷೆಯಿತ್ತ ಶ್ರೀ ವ್ಯಾಸರಾಜರೇ ಕುಲವನ್ನೆಣಿಸದೆ ಶ್ರೀ ಕನಕದಾಸರನ್ನೂ ಆದರಿಸಿದರು. ಪ್ರತಿಭೆಯು ಬೆಳಗಲು ಅದನ್ನು ಗುರುತಿಸುವ ಕಣ್ಣೂ ಬೇಕಷ್ಟೆ.

ನಮ್ಮ ಮನೆಗಳಲ್ಲಿ ವಿದ್ಯೆಗೆ ಕೊರತೆಯಿಲ್ಲ. ಆದರೆ ಅದು ಉದ್ಯೋಗಕ್ಕೆ ಮೀಸಲಾಗಿ, ನಮ್ಮ ನಿವೃತ್ತಿಯೊಡನೆ ತಾನೂ ನಿವೃತ್ತವಾಗುತ್ತಿದೆ. ಗಣಿತ ಬಲ್ಲ ಹಿರಿಯರೂ ದೇವರನಾಮ ಬಲ್ಲ ತಾಯಂದಿರೂ ವಾರಕ್ಕೊಂದು ಗಂಟೆ ನೆರೆಹೊರೆಯ ಮಕ್ಕಳನ್ನು ಕೂರಿಸಿಕೊಂಡು ಕಲಿಸಲಿ. ಮನೆಗೆಲಸದಾಕೆಯ ಮಗುವೂ ಅವರೊಡನೆ ಕುಳಿತಿರಲಿ. ವಿದ್ಯೆಯು ಶ್ರೀಹರಿಯು ನಮ್ಮಲ್ಲಿಟ್ಟ ಇಡುಗಂಟು. ಅದನ್ನು ಅರ್ಹರಿಗೆ ತಲುಪಿಸಿದವನು ನುಡಿದಾಗಲೇ ಕೃಷ್ಣಾರ್ಪಣವೆಂಬ ಮಾತಿಗೆ ಅರ್ಥ. ನಮ್ಮೊಡನೆ ಚಿತೆಯೇರುವ ವಿದ್ಯೆಯು ಯಾರಿಗೂ ಅರ್ಪಿತವಾಗದು.